ಗರಿ ಹೊದಿಸಿದ್ದಕ್ಕೇ ಸಸಿಗೆ ದುಂಬಿ ಬಂತೇ? ಮಾವನಿಗೆ ಏನು ಹೇಳಲಿ?

ಹೊನ್ನವಳ್ಳಿ ಸೊಸೆ:

ನಮ್ಮದು ತಿಪಟೂರು ತಾಲ್ಲೂಕು, ಹೊನ್ನವಳ್ಳಿ ಹೋಬಳಿ. ಒಂದೂವರೆ ಎಕರೆ ತೆಂಗು, ಮೂವತ್ತು ಅಡಿಗೊಂದರಂತೆ 72 ಗುಂಡಿ. ಅದರಲ್ಲಿ ಫಲ ಕೊಡುವ ಮರ 53. ಉಳಿದ 19 ಕಡೆ ಮರ ಒಣಗಿಹೋಗಿ, ಮೂರು ವರ್ಷದ ಹಿಂದೆ ಹೊಸ ಸಸಿ ನೆಟ್ಟಿದ್ದೇವೆ. ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ತೋಟ ನೋಡಿಕೊಳ್ಳುವುದು ನಾನು ಮತ್ತು ಮಾವ. ಮಾವನಿಗೆ ಎಪ್ಪತ್ತಾರು.

ವರ್ಷಕ್ಕೆ ಎರಡು ಸಲ ಟ್ರ್ಯಾಕ್ಟರ್ ತರಿಸಿ, ಮಣ್ಣು ತಿರುವಿ ಪುಡಿ ಮಾಡುವ ರೋಟವೇಟರ್ ಹೊಡೆಸುವುದು, ಹುರುಳಿ ಚೆಲ್ಲುವುದು, ಶಿವರಾತ್ರಿ ಹೊತ್ತಿಗೆ ಬಿದ್ದ ಗರಿಯನ್ನೆಲ್ಲ ಬದುವಿಗೆ ಎಳೆದು ಸುಡುವುದು ಈ ಮನೆಯ ಪದ್ಧತಿ. ಎರಡು ವರ್ಷದ ಹಿಂದೆ ನಾನೊಂದು ತರಬೇತಿಗೆ ಹೋಗಿ ಬಂದೆ. ಅಲ್ಲಿ ಪರ್ಮಾಕಲ್ಚರ್ ಎಂದರು, ಬಿದ್ದದ್ದು ಬಿದ್ದಲ್ಲೇ ಗೊಬ್ಬರವಾಗಬೇಕು ಎಂದರು. ಮಾವ ಅದಕ್ಕೆ ‘ಸೋಮಾರಿ ಬೇಸಾಯ’ ಎಂದು ಹೆಸರಿಟ್ಟರು. ಆದರೂ ನಾನು ಗರಿ ಸುಡುವುದನ್ನು ನಿಲ್ಲಿಸಿದೆ. ಮರವೊಂದು ವರ್ಷಕ್ಕೆ ಹನ್ನೆರಡು ಗರಿ ಉದುರಿಸಿದರೂ ಆರುನೂರು ದಾಟುತ್ತದೆ. ಒಂದೊಂದನ್ನೂ ಮೂರು ತುಂಡು ಮಾಡಿ ಬುಡದ ಸುತ್ತ ಹೊದಿಸಿದ್ದು ನಾನೊಬ್ಬಳೇ, ಇದರಲ್ಲಿ ಸೋಮಾರಿತನ ಎಲ್ಲಿದೆಯೋ ಗೊತ್ತಿಲ್ಲ. ಈ ಏಪ್ರಿಲ್‌ನಲ್ಲಿ ಗರಿ ಎತ್ತಿ ನೋಡಿದರೆ ಕೆಳಗೆ ಮಣ್ಣು ತಣ್ಣಗಿತ್ತು, ಎರೆಹುಳುವಿನ ಹಿಕ್ಕೆ ಇತ್ತು. ಮಾವನನ್ನು ಕರೆದು ತೋರಿಸಿದೆ. ‘ಹೂಂ’ ಎಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಪ್ರಶಸ್ತಿ.

ಈಗ ಎಲ್ಲವೂ ತಿರುಗಿಬಿದ್ದಿದೆ. ಮಳೆ ಹಿಡಿದ ಮೇಲೆ ಐದು ಸಸಿಗಳಲ್ಲಿ ಹೊಸ ಗರಿ ಬಿಚ್ಚಿಕೊಳ್ಳುವಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತ್ರಿಕೋನ ತ್ರಿಕೋನವಾಗಿ ತುಂಡಾಗಿ ಬರುತ್ತಿದೆ. ಒಂದರಲ್ಲಿ ಸುಳಿಯೇ ಮುರಿದು ಬಾಗಿದೆ. ಮಾವ ಕಸದಲ್ಲಿ ಗುದ್ದಲಿ ಹಾಕಿ ಹೆಬ್ಬೆರಳು ದಪ್ಪದ ಬಿಳಿ ಹುಳು ಹದಿನಾಲ್ಕು ತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟರು. ‘ನೀನು ಸಾಕಿದ ಹುಳು, ನೀನೇ ಎಣಿಸಿಕೊ’ ಎಂದರು. ಗೌರಿ ಹಬ್ಬ ಕಳೆದ ಮೇಲೆ ಗರಿಯನ್ನೆಲ್ಲ ಸುಟ್ಟು ಟ್ರ್ಯಾಕ್ಟರ್ ಬಿಡಿಸುತ್ತಾರಂತೆ. ಅವರು ಹೇಳುವುದು ನಿಜವೇ? ನಿಜವಾದರೆ ಒಪ್ಪಿಕೊಳ್ಳುತ್ತೇನೆ, ಹಟವೇನಿಲ್ಲ.

ಪುತ್ತೂರಿನ ಅಡಿಕೆಯವ:

ಅಕ್ಕ, ಇದು ಬೇರುಹುಳು. ನಮ್ಮ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ಕಾಡಿದೆ. ಬೇರು ತಿಂದು ಮರ ಹಳದಿಯಾಗಿ ಸೊರಗುತ್ತದೆ. ನಿಮ್ಮ ಮಾವ ಹೇಳಿದ್ದು ಸರಿ, ಬುಡ ಬಿಡಿಸಿ ಹುಳು ಹೆಕ್ಕಿ ತೆಗೆಯಿರಿ. ಹೊದಿಕೆ ಸದ್ಯಕ್ಕೆ ಬೇಡ.

ಅರಸೀಕೆರೆ ಅಜ್ಜ:

ಪುತ್ತೂರಿನ ತಮ್ಮನಿಗೆ ಮೊದಲು ಒಂದು ಮಾತು. ನಿಮ್ಮ ಬೇರುಹುಳು ಬೇರೆ, ಇದು ಬೇರೆ. ಬೇರುಹುಳು ಜೀವಂತ ಬೇರು ತಿನ್ನುತ್ತದೆ. ಈ ತಾಯಿ ಹೇಳುತ್ತಿರುವುದು ಸುಳಿ ಕೊರೆಯುವ ಕೊಂಬಿನ ದುಂಬಿ, ರೈನೋ ದುಂಬಿ ಎನ್ನುತ್ತಾರಲ್ಲ, ಅದು. ಗರಿಯಲ್ಲಿ ಕತ್ತರಿ ಹಾಕಿದ ಗುರುತು ಬಿದ್ದಿದೆ ಎಂದ ಮೇಲೆ ಅನುಮಾನವೇ ಬೇಡ. ಇದರ ಮರಿಹುಳು ಜೀವಂತ ತೆಂಗನ್ನು ಮುಟ್ಟುವುದೇ ಇಲ್ಲ, ಕೊಳೆತದ್ದನ್ನು ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ರಾತ್ರಿ ಹಾರಿ ಹೋಗಿ ಸುಳಿಗೆ ಕೂರುತ್ತದೆ. ಅದು ಮಾಡಿದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಟ್ಟರಂತೂ ಮರದ ಕತೆ ಮುಗಿಯಿತು.

ಇನ್ನು ನಿಮಗೆ, ತಾಯಿ. ‘ಕಸದಲ್ಲಿ’ ಎಂದು ಬರೆದಿದ್ದೀರಿ. ಯಾವ ಕಸ? ಬುಡದಲ್ಲಿ ಹರಡಿದ ಗರಿಯ ಕೆಳಗೋ, ಎಲ್ಲಾದರೂ ಗುಡ್ಡೆ ಹಾಕಿದ್ದೀರೋ? ಇದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದ್ದೀರಿ. ಈ ದುಂಬಿ ಮೊಟ್ಟೆ ಇಡುವುದಕ್ಕೆ ಹುಡುಕುವುದು ತೇವವಾದ, ಪುಡಿಪುಡಿಯಾದ, ಆಳವಾದ ಕೊಳೆ. ತಿಪ್ಪೆ ಅದಕ್ಕೆ ಹೆರಿಗೆ ಮನೆ. ಮೇಲೆ ಬಿಸಿಲು ಬಿದ್ದು ಕೆಳಗೆ ಗಾಳಿಯಾಡುವ ಒಂದು ಪದರ ಗರಿಯಲ್ಲಿ ಅದಕ್ಕೆ ಬಾಣಂತನ ಆಗುವುದಿಲ್ಲ. ಮೊಟ್ಟೆಯಿಂದ ದುಂಬಿಯಾಗಲು ನಾಲ್ಕರಿಂದ ಆರು ತಿಂಗಳು ಸಾಕು. ನಾವು ತಿಪ್ಪೆ ಎತ್ತುವುದು ವರ್ಷಕ್ಕೊಮ್ಮೆ, ಮುಂಗಾರಿನ ಮುಂಚೆ. ಅಷ್ಟರಲ್ಲಿ ಒಂದು ತಲೆಮಾರು ಹಾರಿಹೋಗಿ, ಮಕ್ಕಳು ಮತ್ತೆ ಅಲ್ಲಿಗೇ ಬಂದಿರುತ್ತವೆ. ನಾನೂ ಹನ್ನೊಂದು ಸಸಿ ಕಳೆದುಕೊಂಡ ಮೇಲೆಯೇ ನನ್ನ ತಿಪ್ಪೆ ಕೆದಕಿ ನೋಡಿದವನು, ಆದ್ದರಿಂದ ನಿಮ್ಮ ಮಾವನನ್ನು ಬೈಯುವ ಯೋಗ್ಯತೆ ನನಗಿಲ್ಲ.

ಇನ್ನೊಂದು ಪ್ರಶ್ನೆ. ಹತ್ತೊಂಬತ್ತು ಮರ ಒಣಗಿದವು ಎಂದಿರಿ. ಆ ಮರಗಳು ಎಲ್ಲಿ ಹೋದವು? ಬಿದ್ದ ಕೊರಡು, ನೆಲಮಟ್ಟಕ್ಕೆ ಕಡಿದು ಬಿಟ್ಟ ಮೋಟು ಏನಾದರೂ ಇದ್ದರೆ ಹಾರೆ ಹಾಕಿ ನೋಡಿ.

ಸಸಿಗಳಿಗೆ ಈಗಲೇ ಮಾಡಬೇಕಾದದ್ದು: ಸುಳಿಯ ಪಕ್ಕದ ತೂತಿನಲ್ಲಿ ಅಗಿದ ನಾರು ಹೊರಬಂದಿದ್ದರೆ ಒಳಗೆ ದುಂಬಿ ಇದೆ, ಕಬ್ಬಿಣದ ಕೊಕ್ಕೆಯಿಂದ ಎಳೆಯಿರಿ. ಆಮೇಲೆ ಕಾಲು ಕಿಲೋ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ, ಸುಳಿಗೆ ಹತ್ತಿರದ ಗರಿಗಳ ಸಂದಿಗೆ ತುಂಬಿ. ವರ್ಷಕ್ಕೆ ಮೂರು ಸಲ. ತಿಪ್ಪೆಗೆ ಮೆಟಾರೈಜಿಯಂ ಎಂಬ ಶಿಲೀಂಧ್ರ ಸಿಗುತ್ತದೆ. ತಿಪ್ಪೆ ಒದ್ದೆಯಾಗಿರುವಾಗಲೇ ನೀರಿನಲ್ಲಿ ಕದಡಿ ಸುರಿಯಬೇಕು, ಒಣ ತಿಪ್ಪೆಗೆ ಹಾಕಿದರೆ ದಂಡ. ಹುಳು ಸತ್ತು ಮೈಮೇಲೆ ಹಸಿರು ಬೂಷ್ಟು ಕಟ್ಟುತ್ತದೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವೇ, ಅಲ್ಲಿ ವಿಚಾರಿಸಿ.

ಬದುವಿನ ಗೊಬ್ಬರದ ಗಿಡ:

ಅಜ್ಜ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮರ ಒಣಗಿದ್ದು ಯಾವುದರಿಂದ? ಬುಡದಲ್ಲಿ ಕೆಂಪು ಕಂದು ರಸ ಸೋರಿ, ಆಮೇಲೆ ಅಣಬೆ ಎದ್ದಿತ್ತೇ? ಹಾಗಿದ್ದರೆ ಅಣಬೆ ರೋಗ. ಅದಿರುವ ತೋಟದಲ್ಲಿ ರೋಟವೇಟರ್ ಹೊಡೆಸುವುದೆಂದರೆ ರೋಗದ ಬೇರಿನ ಚೂರುಗಳನ್ನು ಮರದಿಂದ ಮರಕ್ಕೆ ಹಂಚಿದ ಹಾಗೆ. ತೆಂಗಿನ ಬೇರು ಹೆಚ್ಚಾಗಿ ಇರುವುದು ಬುಡದಿಂದ ಎರಡು ಮೀಟರ್ ಒಳಗೆ. ಟ್ರ್ಯಾಕ್ಟರ್‌ನವರಿಗೆ ಬುಡದವರೆಗೂ ಬಂದು ತಿರುಗಿಸುವುದೇ ಹೆಮ್ಮೆ. ಮಾವನಿಗೆ ಹೇಳುವುದಾದರೆ ಇದನ್ನು ಹೇಳಿ, ಎರೆಹುಳುವಿನ ಮಾತು ಆಮೇಲೆ ಇರಲಿ.

ಕಾಯಿ ಮಟ್ಟೆಯನ್ನೂ ಹೊದಿಸುತ್ತಿದ್ದರೆ ಕವುಚಿ ಹಾಕಿ, ಬೆನ್ನು ಮೇಲಕ್ಕಿರಲಿ. ಅಂಗಾತ ಹಾಕಿದರೆ ಪ್ರತಿ ಮಟ್ಟೆಯೂ ಮಳೆನೀರಿನ ಬಟ್ಟಲಾಗಿ ಸೊಳ್ಳೆ ಹುಟ್ಟುತ್ತದೆ. ಗುಂಡಿ ತೋಡಿ ಹೂಳುವುದಾದರೆ ಮಾತ್ರ ಅಂಗಾತ, ಆಗ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಕುಡಿಯುತ್ತದೆ. ನಾರಿನ ಕಾರ್ಖಾನೆಗೆ ಮಾರುವ ಮುನ್ನ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪುತ್ತೂರಿನ ಅಡಿಕೆಯವ:

ಅಜ್ಜ, ಸರಿ. ಕಸದಲ್ಲಿ ಸಿಕ್ಕಿತು ಎಂದಾಗಲೇ ನನಗೆ ಹೊಳೆಯಬೇಕಿತ್ತು. ಅಕ್ಕ, ನನ್ನ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಬುಡ ಬಿಡಿಸಬೇಡಿ.

ಹೊನ್ನವಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ಮೂರು ದಿನ ಹುಡುಕಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ಹದಿನಾಲ್ಕು ಹುಳು ಸಿಕ್ಕಿದ್ದು ಕೊಟ್ಟಿಗೆ ಹಿಂದಿನ ಗುಡ್ಡೆಯಲ್ಲಿ. ಹೋದ ವರ್ಷ ತುಂಡು ಮಾಡಿ ಸಾಕಾಗಿ, ಉಳಿದ ಗರಿಯನ್ನು ಹಳೆಯ ಸಗಣಿಯ ಮೇಲೆ ನಾನೇ ರಾಶಿ ಹಾಕಿದ್ದೆ. ಕೆಳಗಿನ ಒಂದು ಮೊಳ ಕಾಫಿ ಪುಡಿಯ ಹಾಗೆ ಆಗಿದೆ. ಅಜ್ಜ ಕೇಳಿದ ಪ್ರಶ್ನೆಯನ್ನು ನಾನು ಬೇಕೆಂದೇ ನುಂಗಿದ್ದೆನೋ ಏನೋ.

ಬುಡದ ಹೊದಿಕೆಯನ್ನು ಹತ್ತು ಮರದಲ್ಲಿ ಎತ್ತಿ ನೋಡಿದೆ. ಜರಿ, ಗೆದ್ದಲು, ಒಂದು ಕಪ್ಪೆ. ಬಿಳಿ ಹುಳು ಒಂದೂ ಇಲ್ಲ. ಮಾವನ ತಿಪ್ಪೆಯಲ್ಲಿ ಅರ್ಧ ಕೆದಕುವಷ್ಟರಲ್ಲಿ ಅರವತ್ತು ದಾಟಿತು, ಮುಂದೆ ಎಣಿಸಲಿಲ್ಲ.

ಒಣಗಿದ ಮರಗಳಲ್ಲಿ ಹೆಚ್ಚಿನವನ್ನು ಅಟ್ಟದ ತೊಲೆಗೆಂದು ಕೊಟ್ಟಿದ್ದರು. ಒಂದು ಮಾತ್ರ ಬಾವಿಯ ಪಕ್ಕ ಉಳಿದಿತ್ತು. ಮಾವ ದಿನಾ ಸಂಜೆ ಕೂತು ಬೀಡಿ ಸೇದುವುದು ಅದರ ಮೇಲೆ. ನಾನು ಹಾರೆ ತೆಗೆದುಕೊಂಡು ಹೋದಾಗ ಅವರು ಅಲ್ಲೇ ಕೂತಿದ್ದರು. ಏಳಿ ಎಂದು ಹೇಗೆ ಹೇಳುವುದು? ಸುಮ್ಮನೆ ನಿಂತೆ. ಏನನ್ನಿಸಿತೋ, ಅವರೇ ಎದ್ದು ಊರುಗೋಲಿನ ತುದಿಯಿಂದ ಕೊರಡನ್ನು ಒತ್ತಿದರು. ಕೋಲು ಒಂದು ಗೇಣು ಒಳಗಿಳಿಯಿತು. ಹೊರಗಿನ ಸಿಪ್ಪೆ ಗಟ್ಟಿಯಾಗಿತ್ತು, ಒಳಗೆಲ್ಲ ಬರೀ ಹುಡಿ. ಸೀಳಿದಾಗ ನಲವತ್ತೊಂದು ಹುಳು, ಎರಡು ಗೂಡು, ಇನ್ನೂ ಹಾರದ ಒಂದು ದುಂಬಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮಾವ ಅದನ್ನು ಕೊಂಬು ಹಿಡಿದು ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಕೋಳಿಗಳನ್ನು ಕೂಗಿದರು. ನನಗೆ ಏನೂ ಹೇಳಲಿಲ್ಲ.

ಐದರಲ್ಲಿ ಎರಡು ಸಸಿಯಿಂದ ದುಂಬಿ ಎಳೆದಿದ್ದೇನೆ. ಸುಳಿ ಮುರಿದದ್ದು ಉಳಿಯುವುದು ಕಷ್ಟ. ಬುಡದಲ್ಲಿ ರಸ ಸೋರಿತ್ತೇ ಎಂದು ಮಾವನನ್ನೇ ಕೇಳಿದೆ. ಏಳು ಮರದಲ್ಲಿ ಸೋರಿತ್ತಂತೆ, ಯಾವ ಯಾವ ಮರ ಎಂದು ಈಗಲೂ ಬೆರಳು ಮಾಡಿ ತೋರಿಸುತ್ತಾರೆ. ಕೊನೇಹಳ್ಳಿಗೆ ಸೋಮವಾರ ಹೋಗುತ್ತೇನೆ, ಎರಡಕ್ಕೂ ಒಂದೇ ಸಲ ಕೇಳಿಕೊಂಡು ಬರುತ್ತೇನೆ. ಸೀಳಿದ ಕೊರಡು ಒಣಗಿದ ಮೇಲೆ ಬಚ್ಚಲ ಒಲೆಗೆ.

ಕೊರಡಿನ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದೇನೆ. ಬೆನ್ನು ನೋಯುತ್ತದೆಯಂತೆ. ಟ್ರ್ಯಾಕ್ಟರ್‌ನವರಿಗೆ ಮಾತ್ರ ಇನ್ನೂ ಫೋನ್ ಹೋಗಿಲ್ಲ.