ಭಾವ, ಸೌದೆ ಕೊಯ್ಯುವ ಮೆಷಿನ್ ಬುಕ್ ಮಾಡೋಕೆ ಮುಂಚೆ ಇದನ್ನ ಓದಿ

ಭಾವ, ನೀವು ಗ್ರೂಪಿಗೆ ಹಾಕಿದ ಮೆಷಿನ್ ಫೋಟೋ ನೋಡಿದೆ. 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತೋ ಉದ್ದನೆ ಪಟ್ಟಿ), ಜೊತೆಗೆ ಎರಡು ಚೈನ್ ಫ್ರೀ, ಬುಕ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ಬೇಡ, ಸ್ವಲ್ಪ ತಡೆಯಿರಿ. ವಾಯ್ಸ್ ಹಾಕೋಣ ಅಂದುಕೊಂಡೆ, ಅಷ್ಟುದ್ದದ ವಾಯ್ಸ್ ಯಾರೂ ಪೂರ್ತಿ ಕೇಳಲ್ಲ. ಅದಕ್ಕೇ ಮಾತಾಡಿದ ಹಾಗೆ ಬರೆದು ಹಾಕುತ್ತಿದ್ದೇನೆ, ನಿಧಾನಕ್ಕೆ ಓದಿಕೊಳ್ಳಿ.

ಮೊದಲು ನಿಮಗೆ ಇರುವ ಕೆಲಸ ಎಷ್ಟು ಅಂತ ನೋಡಿ. ಗಾಳಿಮಳೆಗೆ ಉರುಳಿದ ಆ ಹುಣಸೆ ಮರ, ಬದುವಿನ ಮೇಲಿನ ನಾಲ್ಕಾರು ನೀಲಗಿರಿ, ಆಮೇಲೆ ವರ್ಷವಿಡೀ ಹಂಡೆ ಒಲೆಗೆ ಬೇಕಾದ ಸೌದೆ. ಇಷ್ಟೇ ತಾನೇ? ಇದರಲ್ಲಿ ನಿಜವಾಗಿ ದಪ್ಪ ಅನ್ನೋದು ಹುಣಸೆ ಬೊಡ್ಡೆ ಒಂದೇ. ಮಿಕ್ಕಿದ್ದೆಲ್ಲ ತೊಡೆ ಗಾತ್ರ, ತೋಳಿನ ಗಾತ್ರ. ಒಂದು ದಿನದ ಬೊಡ್ಡೆಗೋಸ್ಕರ ವರ್ಷಗಟ್ಟಲೆ 22 ಇಂಚಿನ ಮೆಷಿನ್ ಹೊರೋದು ಯಾಕೆ? ಬಾರ್, ಚೈನ್, ಪೆಟ್ರೋಲ್, ಆಯಿಲ್ ಎಲ್ಲ ಸೇರಿದರೆ ಆ ಮೆಷಿನ್ನುಗಳು ಏಳು ಕೆಜಿ ಹತ್ತಿರಕ್ಕೆ ಬರುತ್ತವೆ. ಅಂಗಡಿಯಲ್ಲಿ ಎತ್ತಿ ನೋಡುವಾಗ ಏನೂ ಅನಿಸಲ್ಲ. ಅರ್ಧ ಗಂಟೆ ಬಗ್ಗಿಕೊಂಡು ಕೊಯ್ದ ಮೇಲೆ ಸೊಂಟ ಹೇಳುತ್ತದೆ. ಕೈ ಸೋತಾಗಲೇ ಬಾರಿನ ಮೂತಿ ಕೆಳಕ್ಕೆ ಬಾಗೋದು. ಮೂತಿ ನೆಲಕ್ಕೆ ತಾಗಿತು ಅಂದರೆ ಮಣ್ಣು, ಕಲ್ಲು ಸಿಕ್ಕಿ ಚೈನಿನ ಹಲ್ಲು ಒಂದೇ ಗಳಿಗೆಯಲ್ಲಿ ಮೊಂಡಾಗಿ ಹೋಗುತ್ತದೆ.

ನಿಮ್ಮ ಮನೆಗೆ 16 ಇಂಚಿನ ಬಾರ್ ಸಾಕೇ ಸಾಕು. ಅದರಲ್ಲೇ ಎರಡು ಅಡಿ ದಪ್ಪದ ದಿಮ್ಮಿಯನ್ನೂ ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ ಕೊಯ್ಯಬಹುದು. ಇನ್ನು ಸಿಸಿ ವಿಷಯ. ಸಿಸಿ ಅಂದರೆ ಇಂಜಿನ್ ಗಾತ್ರ ಅಷ್ಟೇ. ಬಾಕ್ಸಿನ ಮೇಲಿನ ಸಿಸಿ ನೋಡಿ ಮರುಳಾಗಬೇಡಿ, ಕಿಲೋವ್ಯಾಟ್, ಅಂದರೆ ಪವರ್, ಎಷ್ಟು ಅಂತ ಕೇಳಿ. ಸ್ಟಿಲ್ ಕಂಪನಿಯ ಎಂಎಸ್ 250 ಇದೆಯಲ್ಲ, ಅದು ಬರೀ 45.4 ಸಿಸಿ, ಆದರೆ 2.3 ಕಿಲೋವ್ಯಾಟ್ ಕೊಡುತ್ತದೆ, ಬಾರ್ ಚೈನ್ ಬಿಟ್ಟರೆ ತೂಕ 4.6 ಕೆಜಿ. ಅದರ ತಮ್ಮ ಎಂಎಸ್ 180 ಇನ್ನೂ ಸಣ್ಣದು, 31.8 ಸಿಸಿ. ಬರೀ ರೆಂಬೆ, ನೀಲಗಿರಿ ಕೂಳೆ, ಮಾವಿನ ಕೊಂಬೆ ಅಂದರೆ ಅದೇ ಆಗುತ್ತದೆ. ನಮ್ಮ ಶ್ರೀನಿವಾಸಪುರದ ಕಡೆ ಕಾಯಿ ಇಳಿದ ಮೇಲೆ ಮಾವಿನ ಮರ ಸವರೋಕೆ ತುಂಬಾ ಜನ ಇಂಥ ಸಣ್ಣ ಮೆಷಿನ್ನೇ ಇಟ್ಟುಕೊಂಡಿದ್ದಾರೆ. ಮಾವು ಮೆತ್ತನೆ ಮರ, ಸಲೀಸಾಗಿ ಕೊಯ್ದುಕೊಂಡು ಹೋಗುತ್ತದೆ. ಹುಣಸೆ ಹಾಗಲ್ಲ, ಅದರ ಚೇಗು ಕಬ್ಬಿಣ. ಅದಕ್ಕೇ ನಿಮಗೆ 40ರಿಂದ 45 ಸಿಸಿ ಒಳಗೆ, 16 ಇಂಚು ಅಂತ ಹೇಳುತ್ತಿರೋದು. ಹಸ್ಕ್‌ವರ್ನಾದಲ್ಲೂ ಈ ಅಳತೆಯದ್ದು ಇದೆ. ಫೋಟೋದಲ್ಲಿರೋದಕ್ಕಿಂತ ಬೆಲೆ ಎರಡು ಮೂರು ಪಟ್ಟು ಜಾಸ್ತಿ ಆಗಬಹುದು, ನಿಜ.

ಕಂಪನಿ ಯಾವುದೇ ಇರಲಿ, ಅಂಗಡಿ ನಿಮಗೆ ಹತ್ತಿರ ಇರಬೇಕು. ಕಾರ್ಬುರೇಟರಿನ ಒಳಗಿನ ಪೊರೆ, ಸ್ಟಾರ್ಟರ್ ಹಗ್ಗ, ಕ್ಲಚ್, ಆಯಿಲ್ ಪಂಪು, ಇವು ಯಾವತ್ತಾದರೂ ಹೋಗೇ ಹೋಗುತ್ತವೆ. ಆವತ್ತು ನೀವು ಮಧುಗಿರಿಯಲ್ಲೋ ತುಮಕೂರಿನಲ್ಲೋ ಒಂದು ಅಂಗಡಿಗೆ ಹೋಗಿ ಮೆಷಿನ್ ಇಟ್ಟರೆ ಅವನು ಬಿಚ್ಚಿ ರಿಪೇರಿ ಮಾಡಿ ಕೊಡಬೇಕು. ಆನ್‌ಲೈನಿನಲ್ಲಿ ತರಿಸಿದ್ದನ್ನು ಎಷ್ಟೋ ಮೆಕ್ಯಾನಿಕ್‌ಗಳು ಮುಟ್ಟೋದೇ ಇಲ್ಲ, ಸ್ಪೇರ್ ಸಿಗಲ್ಲ ಸಾರ್ ಅಂತ ವಾಪಸ್ ಕಳಿಸುತ್ತಾರೆ. ಹಾಗಾಗಿ ಮೊದಲು ಅಂಗಡಿ ನೋಡಿ, ಆಮೇಲೆ ಮೆಷಿನ್ ನೋಡಿ. ತಗೊಳ್ಳುವಾಗ ಅಲ್ಲೇ ಸ್ಟಾರ್ಟ್ ಮಾಡಿಸಿ. ಮುಂದಿನ ಹಿಡಿಯ ಎದುರಿಗೆ ಇರುವ ಚೈನ್ ಬ್ರೇಕ್ ಮುಂದಕ್ಕೆ ತಳ್ಳಿದ ತಕ್ಷಣ ಚೈನ್ ಗಪ್ಪಂತ ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ.

ಅಣ್ಣನ ಮಗ ಬ್ಯಾಟರಿದು ತಗೊಳ್ಳಿ ಮಾವ ಅಂತ ಹಾಕಿದ್ದಾನೆ. ಅಂಗೈ ಅಗಲದ ಬಾರ್ ಇರುವ ಆ ಪುಟಾಣಿ ಬ್ಯಾಟರಿ ಮೆಷಿನ್ ರೆಂಬೆ ಸವರೋಕೆ ಬಹಳ ಚೆನ್ನ, ಸೌದೆಗೆ ಆಗಲ್ಲ. ಕರೆಂಟಿನದ್ದು ಬೇರೆ ಮಾತು. 2000 ವ್ಯಾಟಿನ 16 ಇಂಚಿನ ಮೆಷಿನ್ ಮನೆ ಹಿತ್ತಲಿನಲ್ಲಿ ಕೂತು ತುಂಡು ಮಾಡೋಕೆ ಒಳ್ಳೇದೇ, ಹೊಗೆ ಇಲ್ಲ, ಹಗ್ಗ ಎಳೆಯೋ ಕಷ್ಟ ಇಲ್ಲ. ಆದರೆ ಅದು 9 ಆಂಪ್ಸ್ ಹತ್ತಿರ ಎಳೆಯುತ್ತದೆ. ಟಿವಿ, ಫ್ಯಾನಿನ ಸಣ್ಣ ಪ್ಲಗ್ಗಿಗೆ ಹಾಕಬೇಡಿ, ದೊಡ್ಡ ಪ್ಲಗ್ಗೇ ಬೇಕು. ತೆಳ್ಳನೆ ವೈರಿನಲ್ಲಿ ಉದ್ದಕ್ಕೆ ಎಳೆದುಕೊಂಡು ಹೋದರೆ ವೋಲ್ಟೇಜ್ ಬಿದ್ದು ಮೋಟಾರ್ ಸುಡುತ್ತದೆ. ನಿಮ್ಮ ಮರ ಬಿದ್ದಿರೋದು ತೋಟದ ಆ ತುದಿಯಲ್ಲಿ, ಅಲ್ಲಿಗೆ ಎಲ್ಲಿಂದ ಲೈನ್ ಎಳೆಯುತ್ತೀರಿ? ಪೆಟ್ರೋಲಿನದ್ದೇ ಗತಿ.

ಈಗ ಚೈನ್. ಇದನ್ನು ಮಾತ್ರ ಗಮನ ಇಟ್ಟು ಓದಿ. ಜನ ಮೆಷಿನ್ ಪವರ್ ಸಾಲಲ್ಲ ಅಂತ ದೂರುತ್ತಾರೆ, ನೋಡಿದರೆ ಚೈನ್ ಮೊಂಡಾಗಿರುತ್ತದೆ. ಕೊಯ್ಯುವಾಗ ಬೀಳುವುದನ್ನು ಕೈಯಲ್ಲಿ ಹಿಡಿದು ನೋಡಿ. ಅವಲಕ್ಕಿ ಥರ ಚಕ್ಕೆ ಚಕ್ಕೆ ಬರುತ್ತಿದ್ದರೆ ಚೈನ್ ಚೂಪಾಗಿದೆ. ನುಣ್ಣಗೆ ಪುಡಿ ಬಂದರೆ, ಅಥವಾ ನೀವು ಮೇಲೆ ಭಾರ ಹಾಕಿ ಒತ್ತಬೇಕಾಗಿ ಬಂದರೆ, ಆಫ್ ಮಾಡಿ ಅರ ಹಾಕಿ. ಅಂಗಡಿಯಲ್ಲಿ ರೌಂಡ್ ಫೈಲ್ ಅಂತ ಕೇಳಿ, ಸಣ್ಣ ಚೈನಿಗೆ 4 ಎಂಎಂ, .325 ಪಿಚ್ ಚೈನಿಗೆ 4.8 ಎಂಎಂ. ಪಿಚ್ ಅಂದರೆ ಚೈನಿನ ಕೊಂಡಿಗಳ ನಡುವಿನ ಅಂತರದ ಅಳತೆ. ಹಲ್ಲಿನ ಮೇಲೆ ಸಣ್ಣ ಗೆರೆ ಇರುತ್ತದೆ, ಹೆಚ್ಚಿನ ಚೈನಿಗೆ 30 ಡಿಗ್ರಿ, ಆ ಗೆರೆಗೆ ಸಮವಾಗಿ ಒಳಗಿನಿಂದ ಹೊರಕ್ಕೆ ತಳ್ಳಿ. ವಾಪಸ್ ಎಳೆಯುವಾಗ ಉಜ್ಜಬೇಡಿ, ಎತ್ತಿಕೊಳ್ಳಿ. ಪ್ರತಿ ಹಲ್ಲಿಗೂ ಒಂದೇ ಲೆಕ್ಕ, ಮೂರು ಅಂದರೆ ಮೂರು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆದರೆ ಬಾರ್ ಸೊಟ್ಟಕ್ಕೆ ಎಳೆದುಕೊಂಡು ಹೋಗುತ್ತದೆ. ಪೆಟ್ರೋಲ್ ತುಂಬಿಸುವಾಗಲೆಲ್ಲ ಒಂದು ಸಾರಿ ಅರ ಆಡಿಸಿಬಿಟ್ಟರೆ ಸಾಣೆ ಅಂಗಡಿಗೆ ಅಲೆಯೋದೇ ಬೇಡ.

ಹೊಸ ಚೈನ್ ತರುವಾಗ ಬರೀ 16 ಇಂಚಿಂದು ಕೊಡಿ ಅನ್ನಬೇಡಿ. ಬಾರಿನ ಬುಡದಲ್ಲಿ ಪಿಚ್, ಗೇಜ್ (ಬಾರಿನ ಗಾಡಿಯೊಳಗೆ ಕೂರೋ ಕೊಂಡಿಯ ದಪ್ಪ), ಡ್ರೈವ್ ಲಿಂಕ್ (ಆ ಕೊಂಡಿಗಳ ಲೆಕ್ಕ) ಎಷ್ಟು ಅಂತ ಕೊರೆದಿರುತ್ತದೆ, ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿ. ಹುಣಸೆಗೆ ಕೈ ಹಾಕೋಕೆ ಮುಂಚೆ ಬೊಡ್ಡೆಯನ್ನೆಲ್ಲ ಒಂದು ಸುತ್ತು ನೋಡಿ. ದನ ಕಟ್ಟೋಕೆ ಹೊಡೆದ ಗೂಟ, ಬೇಲಿ ತಂತಿ, ಹಳೇ ಮೊಳೆ, ಎಲ್ಲವನ್ನೂ ಮರ ನುಂಗಿಕೊಂಡಿರುತ್ತದೆ. ಪೊಟರೆಯಲ್ಲಿ ಮಣ್ಣು, ಕಲ್ಲು ತುಂಬಿಕೊಂಡಿರೋದೂ ಉಂಟು.

ಪೆಟ್ರೋಲ್ ಬರೀದು ಹಾಕಬೇಡಿ, ಇದು ಟೂ ಸ್ಟ್ರೋಕ್. ಒಳ್ಳೇ 2ಟಿ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಕೆಲವು ಮೆಷಿನ್ನಿಗೆ 25ಕ್ಕೆ 1, ಅಂದರೆ 40 ಎಂಎಲ್ ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ, ಹಾಗಿದ್ದರೆ ಅದನ್ನೇ ಹಾಕಿ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಮೇಲೆ ಹೊಸದು ತಗೊಂಡಷ್ಟೇ ಖರ್ಚು. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೂ ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ನಿಮ್ಮ ಮೆಷಿನ್ನಿಗೆ ಅದು ಆಗುತ್ತದಾ ಅಂತ ತಗೊಳ್ಳುವಾಗಲೇ ಕೇಳಿ. ಬೇಕಾದಷ್ಟೇ ಕಲಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗೋವರೆಗೆ ಓಡಿಸಿ ಇಡಿ. ಇಲ್ಲದಿದ್ದರೆ ಮುಂದಿನ ಸಲ ಹಗ್ಗ ಎಳೆದು ಎಳೆದು ರಟ್ಟೆ ಬೀಳುತ್ತದೆ.

ಚೈನ್ ಆಯಿಲ್ ಟ್ಯಾಂಕ್ ಬೇರೆ ಇರುತ್ತದೆ, ಪೆಟ್ರೋಲ್ ಹಾಕಿದಾಗಲೆಲ್ಲ ಅದನ್ನೂ ತುಂಬಿಸಿ. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ ಸುಮ್ನೆ ಬಿದ್ದಿದೆಯಲ್ಲ ಅಂತ ಹಾಕಬೇಡಿ, ಅದರ ಕಸಕ್ಕೆ ಪಂಪು ಕಟ್ಟಿಕೊಳ್ಳುತ್ತದೆ. ಆಯಿಲ್ ಬರುತ್ತಿದೆಯಾ ಅಂತ ನೋಡೋಕೆ ಬಾರಿನ ಮೂತಿಯನ್ನು ಖಾಲಿ ಸಿಮೆಂಟ್ ಚೀಲದ ಮೇಲೆ ತಾಗದ ಹಾಗೆ ಹಿಡಿದು ಆಕ್ಸಿಲರೇಟರ್ ಕೊಡಿ. ಚೀಲದ ಮೇಲೆ ಎಣ್ಣೆ ಗೆರೆ ಬೀಳಬೇಕು.

ಅಕ್ಕ ಓದುತ್ತಿದ್ದರೆ ಕೇಳಿಸಿಕೋ, ಭಾವನ್ನ ಪಂಚೆ ಉಟ್ಟುಕೊಂಡು ಮೆಷಿನ್ ಹಿಡಿಯೋಕೆ ಬಿಡಬೇಡ. ಹೆಗಲ ಮೇಲಿನ ಟವೆಲ್ಲೂ ಬೇಡ. ಬಿಗಿಯಾದ ಪ್ಯಾಂಟು, ಶೂ, ಕಣ್ಣಿಗೆ ಕನ್ನಡಕ, ಕಿವಿಗೆ ಏನಾದರೂ. ಭಾವ, ಸ್ಟಾರ್ಟ್ ಮಾಡುವಾಗ ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬೂಟುಗಾಲು ತೂರಿಸಿ ಒತ್ತಿಕೊಂಡು ಹಗ್ಗ ಎಳೆಯಿರಿ. ಕೈಯಲ್ಲಿ ನೇತಾಡಿಸಿಕೊಂಡು ಎಳೆಯೋ ಸ್ಟೈಲೆಲ್ಲ ವಿಡಿಯೋದವರಿಗೆ ಇರಲಿ. ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿತು ಅಂದರೆ ಮೆಷಿನ್ ಮುಖದ ಕಡೆಗೆ ಎಗರುತ್ತದೆ, ತಪ್ಪಿಸಿಕೊಳ್ಳೋಕೆ ಸಮಯವೇ ಇರಲ್ಲ. ಹೆಗಲಿಗಿಂತ ಮೇಲಕ್ಕೆ ಎತ್ತಬೇಡಿ, ಏಣಿ ಹತ್ತಿ ಕೊಯ್ಯಬೇಡಿ.

ನೆಲದ ಮೇಲೆ ಬಿದ್ದ ದಿಮ್ಮಿಯನ್ನು ಮುಕ್ಕಾಲು ಕೊಯ್ದು, ಉರುಳಿಸಿ, ಉಳಿದದ್ದು ಕೊಯ್ಯಿರಿ. ಎರಡು ತುದಿ ಆತುಕೊಂಡು ನಡು ತೂಗುತ್ತಿದ್ದರೆ ಮೇಲಿನಿಂದ ಸ್ವಲ್ಪ ಕೊಯ್ದು ಆಮೇಲೆ ಕೆಳಗಿನಿಂದ, ಇಲ್ಲದಿದ್ದರೆ ಬಾರ್ ಕಚ್ಚಿಕೊಳ್ಳುತ್ತದೆ. ಒಂದು ತುದಿ ನೇತಾಡುತ್ತಿದ್ದರೆ ಅದರ ಉಲ್ಟಾ. ನೀಲಗಿರಿಯನ್ನು ಹಸಿಯಿದ್ದಾಗಲೇ ತುಂಡು ಮಾಡಿ ಸೀಳಿಸಿಬಿಡಿ, ಒಣಗಿದ ಮೇಲೆ ಕೊಡಲಿ ಜಗ್ಗಲ್ಲ. ನಮ್ಮ ಕೋಲಾರ ಜಿಲ್ಲೆ ತುಂಬಾ ನೀಲಗಿರಿಯೇ ಇತ್ತಲ್ಲ, 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನು ನಿಲ್ಲಿಸಿತು, ಆದರೆ ಕಡಿದ ಬುಡದಿಂದ ಕೂಳೆ ಇನ್ನೂ ಬರುತ್ತಲೇ ಇದೆ. ಅದನ್ನು ಕಡಿಯೋಕೆ ಅರಣ್ಯ ಇಲಾಖೆ ಒಪ್ಪಿಗೆ ಬೇಡ. ಆದರೆ ಬೇರೆ ಜಾತಿಯ ನಿಂತ ಮರಕ್ಕೆ ಮೆಷಿನ್ ಹಚ್ಚೋಕೆ ಮುಂಚೆ ರೇಂಜ್ ಆಫೀಸಿನಲ್ಲಿ ವಿಚಾರಿಸಿ, 1976ರ ಮರ ಸಂರಕ್ಷಣೆ ಕಾಯ್ದೆ ಇದೆ.

ದೊಡ್ಡಪ್ಪ ಆಳು ಇಟ್ಟು ಕೊಡಲಿಯಲ್ಲಿ ಹೊಡಿಸಿ ಅಂದರು. ದೊಡ್ಡಪ್ಪ, ಈಗ ಆ ಹುಣಸೆಗೆ ಕೊಡಲಿ ಹಿಡಿಯೋ ಆಳು ಎಲ್ಲಿದ್ದಾರೆ ಹೇಳಿ? ಆದರೂ ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಬೊಡ್ಡೆ ಒಂದನ್ನು ದೊಡ್ಡ ಮೆಷಿನ್ ಇರೋರನ್ನ ಬಾಡಿಗೆಗೆ ಕರೆಸಿ ಕೊಯ್ಯಿಸಿಬಿಡೋಣ. ಅದನ್ನು ಸೌದೆ ಮಾಡೋದೂ ಬೇಡ, ಮಾಂಸದ ಅಂಗಡಿಯವರು ಕೊರಡಿಗೆ ಹುಣಸೆಯನ್ನೇ ಹುಡುಕುತ್ತಾರೆ, ಗಾಣದವರೂ ಕೇಳುತ್ತಾರೆ. ಒಳ್ಳೇ ಬೆಲೆ ಬಂದರೆ ಮೆಷಿನ್ ಖರ್ಚಿನಲ್ಲಿ ಸ್ವಲ್ಪ ಅಲ್ಲೇ ಹುಟ್ಟುತ್ತದೆ.

ಭಾವ, ನಾಳೆ ತೋಟದ ಕಡೆ ಹೋದಾಗ ಟೇಪ್ ತಗೊಂಡು ಹೋಗಿ ಬೊಡ್ಡೆಯ ಸುತ್ತಳತೆ ಅಳೆದು ಇಲ್ಲೇ ಹಾಕಿ. ಅದನ್ನು ಮೂರರಿಂದ ಭಾಗಿಸಿದರೆ ದಪ್ಪ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಒಳಗೆ ಪೊಟರೆ ಇದೆಯಾ, ಗಟ್ಟಿ ಇದೆಯಾ ಅಂತ ಕಾಣೋ ಹಾಗೆ ಬುಡದ್ದೊಂದು ಫೋಟೋ ಕಳಿಸಿ. ಕೊರಡಿಗೆ ತಗೊಳ್ಳೋರೊಬ್ಬರು ನಮ್ಮ ಕಡೆ ಇದ್ದಾರೆ, ಅವರಿಗೆ ತೋರಿಸಿ ಕೇಳುತ್ತೇನೆ.