ಸಿಸ್ಕೊ 8821 ಹ್ಯಾಂಡ್‌ಸೆಟ್‌ನಲ್ಲಿ ವೈ-ಫೈ ಸೆಟ್ಟಿಂಗ್‌ಗೆ ಬೀಗ: ವಾಲ್ಯೂಮ್ ಕೂಡ ಉಳಿಯುತ್ತಿಲ್ಲ

ಪ್ರಶ್ನೆ
ಆಸ್ಪತ್ರೆಯ ವಾರ್ಡುಗಳಲ್ಲಿ 40 ಸಿಸ್ಕೊ 8821 ವೈ-ಫೈ ಫೋನ್‌ಗಳಿವೆ. ಪಾಳಿ ಬದಲಾದ ಹಾಗೆ ಕೈಯಿಂದ ಕೈಗೆ ಹೋಗುತ್ತವೆ. ಯಾರಾದರೂ ವೈ-ಫೈ ಪ್ರೊಫೈಲ್ ಅಳಿಸಿದರೆ ಆ ಫೋನಿಗೆ ಕರೆಯೇ ಬರುವುದಿಲ್ಲ. ಅದಕ್ಕೇ ಎಲ್ಲ ಫೋನ್‌ಗಳನ್ನು ಒಂದೆಡೆಯಿಂದ ನಿಭಾಯಿಸುವ ಕಾಲ್ ಮ್ಯಾನೇಜರ್ ಸರ್ವರ್‌ನಲ್ಲಿ ಸೆಟ್ಟಿಂಗ್ಸ್ ಆಕ್ಸೆಸ್ (ಫೋನಿನ ಸೆಟ್ಟಿಂಗ್ ಮೆನು ಬಳಕೆದಾರರಿಗೆ ಎಷ್ಟು ಸಿಗಬೇಕು ಎಂಬ ಆಯ್ಕೆ) ಅನ್ನು ಡಿಸೇಬಲ್ಡ್ ಮಾಡಿದ್ದಾಯಿತು. ಈಗ ವಾಲ್ಯೂಮ್ ಏರಿಸಿದರೆ ಉಳಿಯುತ್ತಿಲ್ಲ ಎಂದು ನರ್ಸ್‌ಗಳು ಹೇಳುತ್ತಿದ್ದಾರೆ. ಕೆಲವು ಫೋನ್‌ಗಳಲ್ಲಂತೂ ಬೀಗ ಬಿದ್ದೇ ಇಲ್ಲ.

ಉತ್ತರ 1
ಡಿಸೇಬಲ್ಡ್ ಮಾಡಿದರೆ ಬಳಕೆದಾರರು ಬದಲಿಸಿದ ವಾಲ್ಯೂಮ್ ಸೇವ್ ಆಗುವುದಿಲ್ಲ, ಅದರ ಗುಣವೇ ಹಾಗೆ. ನಿಮಗೆ ಬೇಕಾದದ್ದು ರೆಸ್ಟ್ರಿಕ್ಟೆಡ್. ಅದರಲ್ಲಿ ರಿಂಗ್‌ಟೋನ್, ವಾಲ್ಯೂಮ್‌ನಂಥವು ಬಳಕೆದಾರರ ಕೈಯಲ್ಲಿ ಉಳಿಯುತ್ತವೆ, ನೆಟ್‌ವರ್ಕ್ ಸೆಟ್ಟಿಂಗ್ ಸಿಗುವುದಿಲ್ಲ. ಗದ್ದಲದ ವಾರ್ಡಿನಲ್ಲಿ ರಿಂಗ್ ಕೇಳಿಸದಂತೆ ಮಾಡುವ ಬೀಗ ಯಾರಿಗೂ ಬೇಡ.

ಕೆಲವು ಫೋನ್‌ಗಳಿಗೆ ಬೀಗ ಬೀಳದಿರುವುದಕ್ಕೆ ಮೊದಲು ಚೆಕ್‌ಬಾಕ್ಸ್ ನೋಡಿ. ಸೆಟ್ಟಿಂಗ್ಸ್ ಆಕ್ಸೆಸ್ ಸಾಲಿನ ಬಲತುದಿಯಲ್ಲಿ ಓವರ್‌ರೈಡ್ ಎಂಬ ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಆಯ್ದ ಮೌಲ್ಯ ಫೋನಿಗೆ ಹೋಗುವುದಿಲ್ಲ. ಆದ್ಯತೆ ಹೀಗಿದೆ: ಕಾಲ್ ಮ್ಯಾನೇಜರ್‌ನಲ್ಲಿ ಆಯಾ ಫೋನಿನ ಪುಟದ್ದು ಎಲ್ಲಕ್ಕಿಂತ ಮೇಲು, ಆಮೇಲೆ ಕಾಮನ್ ಫೋನ್ ಪ್ರೊಫೈಲ್ (ಹಲವು ಫೋನ್‌ಗಳಿಗೆ ಹಂಚುವ ಸೆಟ್ಟಿಂಗ್‌ಗಳ ಕಟ್ಟು), ಕೊನೆಗೆ ಇಡೀ ವ್ಯವಸ್ಥೆಗೆ ಅನ್ವಯಿಸುವ ಎಂಟರ್‌ಪ್ರೈಸ್ ಫೋನ್ ಕಾನ್ಫಿಗರೇಷನ್. ಒಂದು ಫೋನಿನ ಪುಟದಲ್ಲಿ ಹಿಂದೆಂದೋ ಎನೇಬಲ್ಡ್ ಎಂದು ಟಿಕ್ ಸಮೇತ ಉಳಿದಿದ್ದರೆ ಪ್ರೊಫೈಲ್‌ನಲ್ಲಿ ಏನು ಹಾಕಿದರೂ ಅದಕ್ಕೆ ತಟ್ಟದು. ಆ ಟಿಕ್ ತೆಗೆಯಿರಿ, ಸೇವ್ ಮಾಡಿ, ಅಪ್ಲೈ ಕಾನ್ಫಿಗ್ ಒತ್ತಿ.

ಉತ್ತರ 2
ಕಾಮನ್ ಫೋನ್ ಪ್ರೊಫೈಲ್‌ನಲ್ಲೇ ಈ ಬೀಗ ತೆಗೆಯುವ ಲೋಕಲ್ ಫೋನ್ ಅನ್‌ಲಾಕ್ ಪಾಸ್‌ವರ್ಡ್ ಇದೆ. ಡಿಫಾಲ್ಟ್ **# ಎಂಬುದು ಹುಡುಕಿದವರಿಗೆಲ್ಲ ಸಿಗುತ್ತದೆ, ಇವತ್ತೇ ಬದಲಿಸಿ. ವೆಬ್ ಆಕ್ಸೆಸ್ (ಬ್ರೌಸರ್‌ನಿಂದ ಫೋನಿನ ಪುಟ ತೆರೆಯುವ ಅನುಮತಿ) ಫುಲ್ ಇದ್ದರೆ ಅದನ್ನೂ ಇಳಿಸಿ. ಫೋನಿನ ಬೀಗ ಭದ್ರವಾಗಿದ್ದು ಬ್ರೌಸರ್ ಬಾಗಿಲು ತೆರೆದಿದ್ದರೆ ಪ್ರಯೋಜನವಿಲ್ಲ.

ಉತ್ತರ 3
ವೈ-ಫೈ ಮಟ್ಟಿಗೆ ಇನ್ನೂ ಗಟ್ಟಿ ದಾರಿ ವೈರ್‌ಲೆಸ್ ಲ್ಯಾನ್ ಪ್ರೊಫೈಲ್, ಅಂದರೆ ಕಾಲ್ ಮ್ಯಾನೇಜರ್‌ನಿಂದಲೇ ಫೋನಿಗೆ ಕಳಿಸುವ ವೈ-ಫೈ ಸೆಟ್ಟಿಂಗ್. ಯೂಸರ್ ಮಾಡಿಫೈಯಬಲ್ ಅನ್ನು ಡಿಸ್‌ಅಲೋಡ್ ಮಾಡಿ, ಪ್ರೊಫೈಲನ್ನು ಗ್ರೂಪ್‌ಗೆ ಸೇರಿಸಿ, ಗ್ರೂಪನ್ನು ಡಿವೈಸ್ ಪೂಲ್‌ಗೆ (ಒಂದೇ ಸೆಟ್ಟಿಂಗ್ ಪಡೆಯುವ ಫೋನ್‌ಗಳ ಗುಂಪಿಗೆ) ಕೊಡಿ. ಇದು ಸೆಟ್ಟಿಂಗ್ ಫೈಲ್ ಆಗಿ ಫೋನಿಗೆ ಇಳಿಯುತ್ತದೆ, ಅದರಲ್ಲಿ ವೈ-ಫೈ ಪಾಸ್‌ವರ್ಡೂ ಹೋಗುತ್ತದೆ. ಹಾಗಾಗಿ ಫೋನ್ ಸೆಕ್ಯುರಿಟಿ ಪ್ರೊಫೈಲ್‌ನಲ್ಲಿ ಟಿಎಫ್‌ಟಿಪಿ (ಫೋನಿಗೆ ಸೆಟ್ಟಿಂಗ್ ಫೈಲ್ ಕಳಿಸುವ ವಿಧಾನ) ಎನ್‌ಕ್ರಿಪ್ಷನ್ ಮೊದಲೇ ಇರಲಿ, ಇಲ್ಲವಾದರೆ ಪಾಸ್‌ವರ್ಡ್ ಬಯಲಾಗಿ ಸಾಗುತ್ತದೆ.

ಎಚ್ಚರ ಬೇಕಾದ್ದು ಇಲ್ಲಿ: ಕೊಟ್ಟ ಪಾಸ್‌ವರ್ಡ್‌ನಲ್ಲಿ ಒಂದಕ್ಷರ ತಪ್ಪಿದರೆ ಫೋನ್ ವೈ-ಫೈಗೆ ಸೇರದು. ಸೇರದಿದ್ದರೆ ತಿದ್ದಿದ ಫೈಲ್ ಇಳಿಸಿಕೊಳ್ಳಲೂ ಆಗದು. ಬಳಕೆದಾರರೂ ಸರಿಪಡಿಸಲಾರರು, ಬೀಗ ಹಾಕಿದವರು ನೀವೇ. ಮೊದಲು ಒಂದು ಫೋನನ್ನು ಬೇರೆ ಡಿವೈಸ್ ಪೂಲ್‌ಗೆ ಹಾಕಿ ಪರೀಕ್ಷಿಸಿ. ಗ್ರೂಪ್‌ನಲ್ಲಿ 4 ಪ್ರೊಫೈಲ್‌ವರೆಗೆ ಜಾಗವಿದೆ. ಹಳೆಯ ಎಸ್‌ಎಸ್‌ಐಡಿಯನ್ನೂ (ವೈ-ಫೈ ಜಾಲದ ಹೆಸರು) ಅದರಲ್ಲಿ ಉಳಿಸಿಕೊಳ್ಳಿ.

ಪ್ರಶ್ನಿಸಿದವರು
ಓವರ್‌ರೈಡ್ ಟಿಕ್ಕೇ ಕಾರಣ, ಈಗ ಎಲ್ಲ ಫೋನ್‌ಗಳಲ್ಲೂ ರೆಸ್ಟ್ರಿಕ್ಟೆಡ್ ಬಂತು. ಅಕಸ್ಮಾತ್ ಲ್ಯಾನ್ ಪ್ರೊಫೈಲ್‌ನಿಂದ ಫೋನ್ ಹೊರಗುಳಿದರೆ?

ಉತ್ತರ 3
ಯುಎಸ್‌ಬಿ-ಈಥರ್ನೆಟ್ ಡಾಂಗಲ್ (ಫೋನಿಗೆ ನೆಟ್‌ವರ್ಕ್ ಕೇಬಲ್ ಜೋಡಿಸುವ ಪುಟ್ಟ ಅಡಾಪ್ಟರ್) ಒಂದು ಇಟ್ಟುಕೊಳ್ಳಿ. ಬ್ಯಾಟರಿ ಪೂರ್ತಿ ತುಂಬಿಸಿ, ಡಿಎಚ್‌ಸಿಪಿಯ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಕೊಡುವ ಸೇವೆ) 150ನೇ ಆಪ್ಷನ್ ಕಾಲ್ ಮ್ಯಾನೇಜರ್‌ನ ಟಿಎಫ್‌ಟಿಪಿ ಸರ್ವರನ್ನು ತೋರಿಸುವ ವಿಲ್ಯಾನ್‌ಗೆ (ನೆಟ್‌ವರ್ಕ್‌ನ ಪ್ರತ್ಯೇಕ ವಿಭಾಗ) ಕೇಬಲ್ ಹಾಕಿ. ತಿದ್ದಿದ ಫೈಲ್ ತಂತಿಯ ಮೂಲಕ ಇಳಿಯುತ್ತದೆ. ಆಮೇಲೆ ಡಾಂಗಲ್ ಕಿತ್ತರೆ ಫೋನ್ ವೈ-ಫೈಗೆ ಮರಳುತ್ತದೆ.