ಪ್ರಾಸ್ಟೇಟ್ ದೊಡ್ಡದಾದವರಿಗೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದರೆ ಏನು ಮಾಡಬೇಕು?

ಪ್ರಶ್ನೆ:
ಎಪ್ಪತ್ತು ದಾಟಿದವರು, ದಿನಾ ಪ್ರಾಸ್ಟೇಟಿಗಾಗಿ ಟ್ಯಾಮ್ಸುಲೋಸಿನ್ 0.4 ಮಿಗ್ರಾಂ ತಗೊಳ್ಳುತ್ತಾರೆ. ನೆಗಡಿ ಮಾತ್ರೆ ನುಂಗಿದ ರಾತ್ರಿ ಮೂತ್ರ ಪೂರ್ತಿ ಕಟ್ಟಿದರೆ ಬೆಳಗಿನವರೆಗೆ ಕಾಯಬಹುದೇ? ಇನ್ನೊಂದು ಟ್ಯಾಮ್ಸುಲೋಸಿನ್ ಕೊಟ್ಟರೆ, ನೀರು ಕುಡಿಸಿದರೆ ಬಿಡುತ್ತದೆಯೇ? ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದರೆ ಜೀವನಪೂರ್ತಿ ಅದೇ ಗತಿಯೇ?

ಉತ್ತರ 1:
ಕಾಯಬೇಡಿ, ರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ನೀರು ಕುಡಿಸಿದರೆ ತುಂಬಿದ ಮೂತ್ರಕೋಶ ಇನ್ನಷ್ಟು ಹಿಗ್ಗುತ್ತದೆ ಅಷ್ಟೆ. ಟ್ಯಾಮ್ಸುಲೋಸಿನ್ ಆ ಕ್ಷಣಕ್ಕೆ ಬಿಡಿಸುವ ಔಷಧವಲ್ಲ. ಎರಡು ನುಂಗಿಸಿದರೆ ಬಿಪಿ ಇಳಿದು ತಲೆಸುತ್ತಿ ಬಿದ್ದಾರು. ಕಿಬ್ಬೊಟ್ಟೆ ಒತ್ತಲೂಬೇಡಿ. ಹನಿ ಹನಿ ತೊಟ್ಟಿಕ್ಕಿದರೆ ಬಿಟ್ಟಿತೆಂದು ಮೋಸಹೋಗಬೇಡಿ, ಅದು ತುಂಬಿ ತುಳುಕುತ್ತಿರುವುದು.

ನೆಗಡಿ ಮಾತ್ರೆಯ ಮೇಲೆ ಅನುಮಾನ ಸರಿಯೇ. ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ಮೂತ್ರಕೋಶದ ಕತ್ತನ್ನು ಬಿಗಿ ಮಾಡುತ್ತವೆ. ಕ್ಲೋರ್‌ಫೆನಿರಮೈನ್ ಮೂತ್ರಕೋಶ ಹಿಂಡುವ ಬಲವನ್ನೇ ಕುಗ್ಗಿಸುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಎರಡೂ ಬಗೆಯವು ಒಟ್ಟಿಗೇ ಇರುತ್ತವೆ. ಮಲಬದ್ಧತೆ, ಮದ್ಯ, ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ಸಾಕು. ಹೋಗುವಾಗ ಮಾತ್ರೆಗಳ ಪಟ್ಟಿಯನ್ನೆಲ್ಲ ಜೊತೆಗೊಯ್ಯಿರಿ. ಜ್ವರ-ಚಳಿ ಇದ್ದರೆ, ಕಾಲು ಸೋತರೆ, ಗುದದ ಸುತ್ತ ಮರಗಟ್ಟಿದರೆ ಮೊದಲೇ ಹೇಳಿ. ಆಗ ಪ್ರಾಸ್ಟೇಟ್ ಒಂದೇ ಕಾರಣ ಇರಲಿಕ್ಕಿಲ್ಲ.

ಉತ್ತರ 2:
ಕ್ಯಾಥೆಟರ್ ಬಗ್ಗೆ. ಸಾಮಾನ್ಯವಾಗಿ 14 ಅಥವಾ 16 ಫ್ರೆಂಚ್ ಅಳತೆಯ (ನಳಿಕೆಯ ದಪ್ಪದ ಅಳತೆ) ಫೋಲಿ, ಅಂದರೆ ಒಳಗೆ ನಿಲ್ಲಲು ತುದಿಯಲ್ಲಿ ಬಲೂನಿರುವ ನಳಿಕೆ. ಮೊದಲು ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿಯನ್ನು 10–15 ಮಿಲಿ ಮೂತ್ರನಾಳದೊಳಗೆ ಬಿಟ್ಟು ಕೆಲವು ನಿಮಿಷ ಕಾಯಬೇಕು. ಅವಸರಕ್ಕೆ ಬಲಿಯಾಗುವುದು ಈ ಹಂತವೇ. ನಳಿಕೆಯನ್ನು ಕವಲಿನವರೆಗೂ ಪೂರ್ತಿ ಒಳಗೆ ಸೇರಿಸಿ, ಮೂತ್ರ ಬಂದದ್ದು ಕಂಡ ಮೇಲಷ್ಟೇ ಬಲೂನಿಗೆ 10 ಮಿಲಿ ಶುದ್ಧ ನೀರು. ಮೂತ್ರ ಕಾಣದೆ ಬಲೂನು ಉಬ್ಬಿಸಿದರೆ ಮೂತ್ರನಾಳ ಹರಿದುಹೋಗಬಹುದು. ದಾರಿ ಸಿಗದಿದ್ದರೆ ಬಲ ಹಾಕಬಾರದು. ತುದಿ ಬಾಗಿರುವ ‘ಕೂಡೆ’ (Coudé) ಎಂಬ ಬಗೆಯ ಕ್ಯಾಥೆಟರನ್ನು ತುದಿ ಮೇಲ್ಮುಖವಾಗಿಟ್ಟು ಪ್ರಯತ್ನಿಸುತ್ತಾರೆ. ಅದೂ ಆಗದಿದ್ದರೆ ಕಿಬ್ಬೊಟ್ಟೆಯ ಮೂಲಕ ನಳಿಕೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಕೊನೆಗೆ ಮುಂದೊಗಲನ್ನು ಮೊದಲಿನಂತೆ ಮುಂದಕ್ಕೆ ತರಬೇಕು. ಮರೆತರೆ ಅದು ಬಾತು ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುರ್ತು. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ.

ಉತ್ತರ 3:
ಜೀವನಪೂರ್ತಿ ಅಂತೇನಿಲ್ಲ. ಆಲ್ಫಾ ಬ್ಲಾಕರ್ (ಟ್ಯಾಮ್ಸುಲೋಸಿನ್ ಇದೇ ಬಗೆಯದು) ಕೊಟ್ಟು ಎರಡು-ಮೂರು ದಿನದ ಮೇಲೆ ನಳಿಕೆ ತೆಗೆದು ನೋಡುತ್ತಾರೆ. ಇವರು ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದಾಗಲೇ ಕಟ್ಟಿದೆ ಎಂಬುದನ್ನು ಮರೆಯಬಾರದು. ನೆಗಡಿ ಮಾತ್ರೆಯೇ ಕಾರಣವಾಗಿದ್ದರೆ ಅದನ್ನು ಬಿಟ್ಟಾಗ ಸಲೀಸಾಗಿ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಮತ್ತೆ ಮತ್ತೆ ಕಟ್ಟಿದರೆ ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟನ್ನು ಕೆತ್ತಿ ತೆಗೆಯುವುದು) ಅಥವಾ ಲೇಸರ್ ಶಸ್ತ್ರಚಿಕಿತ್ಸೆಯ ಮಾತು. ಫಿನಾಸ್ಟರೈಡ್ ಗ್ರಂಥಿಯನ್ನು ಕುಗ್ಗಿಸುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಳಿಕೆ ಹಾಕಿದಾಗ ಎಷ್ಟು ಮೂತ್ರ ಬಂತೆಂದು ಕೇಳಿ ಬರೆದಿಟ್ಟುಕೊಳ್ಳಿ. ಒಂದು ಲೀಟರಿಗಿಂತ ಹೆಚ್ಚಿದ್ದರೆ ಬಹುಕಾಲದಿಂದ ಕಟ್ಟುತ್ತಿದ್ದಿರಬಹುದು, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿಸಬೇಕು. ಆಮೇಲೆ ಗಂಟೆಗೆ 200 ಮಿಲಿ ಮೀರಿ ಹರಿಯುತ್ತಲೇ ಇದ್ದರೆ ಉಪ್ಪು-ನೀರು ಸೋರಿ ನಿತ್ರಾಣವಾಗುತ್ತದೆ, ಅಂಥವರನ್ನು ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಅದೇ ದಿನ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ನೋಡುವ) ರಕ್ತಪರೀಕ್ಷೆಯನ್ನೂ ಮುಗಿಸಿಬಿಡಬಹುದೇ?

ಉತ್ತರ 3:
ಬೇಡ. ಮೂತ್ರ ಕಟ್ಟಿದಾಗ, ನಳಿಕೆ ಹಾಕಿದಾಗ ಪಿಎಸ್‌ಎ ಹೇಗೂ ಏರುತ್ತದೆ, ಸುಮ್ಮನೆ ಗಾಬರಿ. ಆರು ವಾರ ಬಿಟ್ಟು ಮಾಡಿಸಿ.